ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೊಣೆ ಯಾರದು?

ಅಕ್ಕ: ಮಿದುಳಿಗೆ ಪೆಟ್ಟಾದವರಿಗೆ ಆಸ್ಪತ್ರೆ ಬಿಟ್ಟ ನಂತರವೂ, ಅವರಿರುವ ಕಡೆಯಲ್ಲಿಯೇ, ಸರ್ಕಾರದ ಹಣದಲ್ಲಿ ದೀರ್ಘಕಾಲ ನೆರವು ಸಿಗಬೇಕೆನ್ನುವ ಈ ಲೇಖನವನ್ನು ದಯವಿಟ್ಟು ಎಲ್ಲರೂ ಓದಿ.

ಚಿಕ್ಕಪ್ಪ: ಓದಿದೆ, ಒಪ್ಪಲಾರೆ. ಜೀವ ಉಳಿಸುವ ಚಿಕಿತ್ಸೆಗೆ ಸರ್ಕಾರ ಎಷ್ಟು ಕೊಟ್ಟರೂ ಸಾಲದು. ಆದರೆ ಎದ್ದು ಓಡಾಡುವಂತಾದ ಮೇಲೆ ನೋಡಿಕೊಳ್ಳುವುದು ಮನೆಯವರ ಕರ್ತವ್ಯ. ಬೇಕಾದರೆ ಒಂದೆರಡು ವರ್ಷ ತರಬೇತಿ ಕೊಟ್ಟು ನಿಲ್ಲಿಸಲಿ. ಕೊನೆಯೇ ಇಲ್ಲದ ಖರ್ಚನ್ನು ಯಾವ ಬೊಕ್ಕಸವೂ ಹೊರಲಾರದು.

ನಾನು: ಚಿಕ್ಕಪ್ಪ, ಎದ್ದು ಓಡಾಡುವುದನ್ನೇ ಗುಣವಾದ ಲಕ್ಷಣವೆಂದು ತಿಳಿಯುವುದರಿಂದಲೇ ಈ ಜನರು ಎಲ್ಲ ಯೋಜನೆಗಳಿಂದಲೂ ಜಾರಿಹೋಗುತ್ತಾರೆ. ಮಿದುಳಿನ ಮುಂಭಾಗದ ಹಾಲೆಗಳಿಗೆ ಹಾನಿಯಾದವರು ಚೆನ್ನಾಗಿ ಮಾತನಾಡಬಹುದು, ಸ್ನಾನ ಮಾಡುವುದು ಹೇಗೆಂದು ವಿವರಿಸಲೂಬಹುದು. ಆದರೆ ಯಾರಾದರೂ ನೆನಪಿಸದಿದ್ದರೆ ಇಡೀ ದಿನ ಹಾಸಿಗೆಯ ಅಂಚಿನಲ್ಲಿ ಕುಳಿತೇ ಇರಬಹುದು, ಏಕೆಂದರೆ ಕೆಡುವುದು ಕೈಕಾಲಿನ ಶಕ್ತಿಯಲ್ಲ, ಕೆಲಸವನ್ನು ಆರಂಭಿಸುವ, ಅನುಕ್ರಮವಾಗಿ ಮುಂದುವರಿಸುವ, ಸಿಟ್ಟು ಬಂದಾಗ ತಡೆದುಕೊಳ್ಳುವ ಸಾಮರ್ಥ್ಯ. ತಮಗೆ ತೊಂದರೆಯಿದೆಯೆಂಬ ಅರಿವೇ ಕೆಲವರಿಗೆ ಇರುವುದಿಲ್ಲ. ಅಂಥವರಿಗೆ ಪ್ರತಿವರ್ಷ ಹೊಸದಾಗಿ ಅರ್ಜಿ ಹಾಕಿ ಅಂಗವೈಕಲ್ಯವನ್ನು ಸಾಬೀತುಪಡಿಸಿ ಎಂದರೆ, ಯಾವ ಶಕ್ತಿಯನ್ನು ಕಳೆದುಕೊಂಡಿದ್ದಾರೋ ಅದನ್ನೇ ನೆರವಿಗೆ ಶರತ್ತಾಗಿ ಒಡ್ಡಿದಂತಾಗುತ್ತದೆ.

ತರಬೇತಿ ಮುಗಿಸಿ ನಿಲ್ಲಿಸಬೇಕೆಂಬ ಮಾತೂ ನನಗೆ ಸರಿಯೆನಿಸುವುದಿಲ್ಲ. ಕನ್ನಡಕ ಹಾಕಿಕೊಂಡು ಚೆನ್ನಾಗಿ ಓದುತ್ತಿದ್ದಾನೆಂದು ಯಾರೂ ಕನ್ನಡಕವನ್ನು ಕಿತ್ತುಕೊಳ್ಳುವುದಿಲ್ಲ. ವಾರಕ್ಕೆ ಕೆಲವೇ ಗಂಟೆ ಬಂದು ದಿನಚರಿ, ಔಷಧಿ, ಹಣಕಾಸನ್ನು ಗಮನಿಸುವ ಪರಿಚಿತ ಕಾರ್ಯಕರ್ತೆಯೊಬ್ಬಳಿಂದಲೇ ಒಬ್ಬನ ಬದುಕು ನೆಟ್ಟಗೆ ನಡೆಯುತ್ತಿರಬಹುದು.

ಭಾವ: ಆದರೆ ಅಪಘಾತಕ್ಕೆ ಪರಿಹಾರದ ಹಣ ಬರುತ್ತದಲ್ಲ? ಅದನ್ನೇ ಠೇವಣಿಯಿಟ್ಟು ಬಡ್ಡಿಯಲ್ಲಿ ನೋಡಿಕೊಳ್ಳಬಹುದು.

ನಾನು: ತಪ್ಪು ಇನ್ನೊಬ್ಬರದೆಂದು ಸಾಬೀತಾದರೆ ಮಾತ್ರ ಬರುವ ವ್ಯವಸ್ಥೆಗಳೇ ಹೆಚ್ಚು, ಭಾವ. ಮೆಟ್ಟಿಲಿನಿಂದ ಜಾರಿ ಬಿದ್ದವರು ಯಾರ ಮೇಲೆ ದಾವೆ ಹೂಡಬೇಕು? ನ್ಯೂಜಿಲೆಂಡ್ 1974ರಲ್ಲಿಯೇ ಈ ತೊಡಕನ್ನು ಬಿಡಿಸಿ, ತಪ್ಪು ಯಾರದೆಂದು ಕೇಳದೆ ಅಪಘಾತದಲ್ಲಿ ಗಾಯಗೊಂಡವರಿಗೆಲ್ಲ ನೆರವು ನೀಡುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೂ ಅಲ್ಲಿ ಪಾರ್ಶ್ವವಾಯುವಿನಂತಹ ಕಾಯಿಲೆಯಿಂದ ಮಿದುಳಿಗೆ ಹಾನಿಯಾದವರು ಸಾಮಾನ್ಯವಾಗಿ ಆ ವ್ಯವಸ್ಥೆಯ ಹೊರಗೇ ಉಳಿಯುತ್ತಾರೆ. ಕಾರಣವನ್ನು ನೋಡಿ ಹಣ ಕೊಟ್ಟರೆ ಇಂತಹ ಅನ್ಯಾಯ ತಪ್ಪದು. ಅಗತ್ಯವನ್ನು ನೋಡಿ ಕೊಡಬೇಕು.

ಅಕ್ಕ: ಮನೆಯವರ ಕರ್ತವ್ಯದ ಬಗ್ಗೆ ನಾನೂ ಒಂದು ಮಾತು ಹೇಳುತ್ತೇನೆ, ಚಿಕ್ಕಪ್ಪ. ಪೆಟ್ಟಾದವನು ಇಪ್ಪತ್ತರ ಹರೆಯದವನಾಗಿದ್ದರೆ ಅವನನ್ನು ನೋಡಿಕೊಳ್ಳುವ ತಾಯಿ ತನ್ನ ಉದ್ಯೋಗವನ್ನು ಬಿಡುತ್ತಾಳೆ, ಅವಳ ವರಮಾನದ ಜೊತೆಗೆ ವೃದ್ಧಾಪ್ಯದ ಉಳಿತಾಯವೂ ಹೋಗುತ್ತದೆ, ಅವಳು ತೀರಿಕೊಂಡಾಗ ಅವನಿಗೆ ಇನ್ನೂ ಹಲವು ದಶಕಗಳ ಆಯುಷ್ಯವಿರುತ್ತದೆ. ಖರ್ಚು ಆಗಲೂ ಇರುತ್ತದೆ, ಬೊಕ್ಕಸದ ಲೆಕ್ಕದಲ್ಲಿ ಕಾಣುವುದಿಲ್ಲ ಅಷ್ಟೆ.

ಚಿಕ್ಕಪ್ಪ: ಆ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಹಣ ಸದುಪಯೋಗವಾಗುತ್ತಿದೆಯೆಂದು ತಿಳಿಯುವುದು ಹೇಗೆ? ಗುಣವಾಗದ ಕಾಯಿಲೆಯಲ್ಲಿ ಫಲಿತಾಂಶವನ್ನು ಯಾವುದರಿಂದ ಅಳೆಯುತ್ತೀರಿ?

ನಾನು: ಎಷ್ಟು ಜನರ ಕಡತ ಮುಚ್ಚಿತೆಂಬುದರಿಂದ ಅಳೆಯುವುದು ಬೇಡ. ಎಷ್ಟು ಜನರು ಸ್ವಂತ ಮನೆಯಲ್ಲಿಯೇ ಉಳಿದರು, ಎಷ್ಟು ಜನರು ಮತ್ತೆ ತುರ್ತು ಚಿಕಿತ್ಸೆಗೆ ಸೇರಬೇಕಾಯಿತು, ಒಬ್ಬನಿಗೆ ನೇಮಕವಾದ ಕಾರ್ಯಕರ್ತೆ ಎಷ್ಟು ಕಾಲ ಬದಲಾಗದೆ ಇದ್ದಳು, ಆರೈಕೆ ಮಾಡುವವರಲ್ಲಿ ಎಷ್ಟು ಮಂದಿ ಉದ್ಯೋಗಕ್ಕೆ ಮರಳಿದರು ಎಂಬುದನ್ನು ಪ್ರತಿವರ್ಷ ಪ್ರಕಟಿಸಲಿ. ಪರಿಶೀಲನೆಗೆ ಒಳಗಾಗಬೇಕಾದುದು ಸೇವೆ. ರೋಗಿಯನ್ನು ವರ್ಷ ವರ್ಷವೂ ಪರೀಕ್ಷೆಗೆ ನಿಲ್ಲಿಸುವುದು ಬೇಡ.