ಉಬ್ಬಿದ್ದೂ ನರ, ಜೋಮು ಹಿಡಿದಿದ್ದೂ ನರ: ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

‘ನರ’ ಎಂಬ ಪದದ ಬಗ್ಗೆ ಕೇಳಬೇಕಿದೆ. ಕಳೆದ ವರ್ಷ ಅಮ್ಮನ ಮೀನಖಂಡದಲ್ಲಿ ನೀಲಿ ಗೆರೆಗಳು ಹುರಿಹುರಿಯಾಗಿ ಎದ್ದವು. ನೋಡಿದವರೆಲ್ಲ ‘ನರ ಉಬ್ಬಿದೆ’ ಅಂದರು. ಹಾಗಾದರೆ ನರದ ಡಾಕ್ಟರಿಗೇ ತೋರಿಸಬೇಕು ಅಂತ ಅಮ್ಮ ಹಟ ಹಿಡಿದರು. ಅರ್ಧ ದಿನ ಕಾದೆವು. ಡಾಕ್ಟರು ಕಾಲು ನೋಡಿ, ‘ಇದು ನರ ಅಲ್ಲ, ರಕ್ತನಾಳ, ಬೇರೆ ಕಡೆ ಹೋಗಿ’ ಅಂದರು. ‘ಇದು ನರ ಅಲ್ಲದಿದ್ದರೆ ಮತ್ಯಾವುದು ನರ?’ ಅಂತ ಅಮ್ಮ ದಾರಿಯುದ್ದಕ್ಕೂ ಕೇಳುತ್ತಿದ್ದರು.

ಅಮ್ಮನ ಮಾತಲ್ಲಿ ತಪ್ಪಿಲ್ಲ. ನಾವೆಲ್ಲ ಮಾತಾಡುವುದು ಹಾಗೇ ಅಲ್ವಾ? ಡ್ರಿಪ್ ಹಾಕುವಾಗ ನರ್ಸ್ ಕೂಡ ‘ನರ ಸಿಗ್ತಿಲ್ಲ’ ಅನ್ನುತ್ತಾರೆ. ಅಲ್ಲಿ ನರ ಅಂದರೆ ರಕ್ತನಾಳ. ಕತ್ತು ತಿರುಗಿಸಲಾಗದೆ ‘ನರ ಹಿಡ್ಕೊಂಡಿದೆ’ ಅಂದಾಗ ಹೆಚ್ಚಾಗಿ ಬಿಗಿದಿರುವುದು ಸ್ನಾಯು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದರೆ ‘ನರದ ತೊಂದರೆ’. ಇಲ್ಲಿ ಮಾತ್ರ ಅದು ನಿಜವಾಗಿ ನರ.

ಒಳಗಿರುವ ವಸ್ತುಗಳು ಮಾತ್ರ ತೀರಾ ಬೇರೆ. ರಕ್ತನಾಳ ಟೊಳ್ಳು ಕೊಳವೆ. ಕಾಲಿನ ನಾಳದೊಳಗಿನ ಕವಾಟಗಳು ಸಡಿಲವಾದರೆ ರಕ್ತ ಮೇಲೇರದೆ ನಿಲ್ಲುತ್ತದೆ, ನಾಳ ಉಬ್ಬುತ್ತದೆ. ನರ ಟೊಳ್ಳಲ್ಲ, ಅದು ಎಳೆಗಳ ಕಟ್ಟು, ಹಗ್ಗದ ಹಾಗೆ. ಒಂದೊಂದು ಎಳೆಯೂ ಒಂದು ನರಕೋಶದ ಉದ್ದನೆಯ ಚಾಚು. ಬೆನ್ನಿನ ಕೆಳಭಾಗದಿಂದ ಪಾದಕ್ಕೆ ಇಳಿಯುವ ಎಳೆ ಸುಮಾರು 1 ಮೀಟರ್ ಉದ್ದ ಇರಬಲ್ಲದು. ಕಣ್ಣಿಗೆ ಕಾಣದಷ್ಟು ಸಣ್ಣದು ಅಂತ ನಾವು ಓದಿದ ಜೀವಕೋಶದ್ದೇ ಒಂದು ಭಾಗ ಅಷ್ಟುದ್ದ ಚಾಚಿದೆ ಅಂತ ತಿಳಿದಾಗ ನನಗೆ ಮೈ ಜುಮ್ಮೆಂದಿತ್ತು.

ಆ ಎಳೆಯೊಳಗೆ ರಕ್ತ ಹರಿಯುವುದಿಲ್ಲ. ಕೋಶದ ಪೊರೆಯ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟ್ ವಿದ್ಯುತ್ತಿನ ವ್ಯತ್ಯಾಸ ಇರುತ್ತದೆ. ಸುದ್ದಿ ಬಂದಾಗ ಪೊರೆಯ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ. ಈ ಅಲೆ ಎಳೆಯುದ್ದಕ್ಕೂ ಸಾಗುತ್ತದೆ. ಕೊಬ್ಬಿನ ಹೊದಿಕೆಯಿರುವ ದಪ್ಪ ಎಳೆಗಳಲ್ಲಿ ವೇಗ ಸೆಕೆಂಡಿಗೆ 100 ಮೀಟರ್ ದಾಟಬಹುದು. ಹೊದಿಕೆ ಇಲ್ಲದ ಸಣ್ಣ ಎಳೆಗಳಲ್ಲಿ ಬರೀ 1–2 ಮೀಟರ್. ಕಾಲ್ಬೆರಳು ಮಂಚಕ್ಕೆ ಬಡಿದಾಗ ಮೊದಲು ಚುರುಕ್ ಅಂದು, ಆಮೇಲೆ ಮಂದ ನೋವು ಹಬ್ಬುವುದು ಅದಕ್ಕೇ.

ಪದದ ವಿಷಯಕ್ಕೆ ಬರುತ್ತೇನೆ. ತೆಲುಗಿನ ನರಮು, ತಮಿಳಿನ ನರಂಬು ನಮ್ಮ ‘ನರ’ದ ಬಂಧುಗಳು. ತಮಿಳಿನ ನರಂಬಿಗೆ ರಕ್ತನಾಳ, ನರ ಎಂಬ ಅರ್ಥಗಳ ಜೊತೆ ಯಾಳ್ ವಾದ್ಯದ ತಂತಿ ಎಂಬ ಅರ್ಥವೂ ಇದೆ. ನರಕೋಶದ ಇಂಗ್ಲಿಷ್ ಹೆಸರಿಗೆ ಮೂಲವಾದ ‘ನ್ಯೂರಾನ್’ ಎಂಬ ಗ್ರೀಕ್ ಪದದ ಮೂಲ ಅರ್ಥವೂ ಎಲುಬಿಗೆ ಕಟ್ಟಿದ ಗಟ್ಟಿ ಹುರಿ. ಬಿಲ್ಲಿನ ಹೆದೆಗೂ ಅದನ್ನೇ ಬಳಸುತ್ತಿದ್ದರು. ‘ಸ್ನಾಯು’ವಿನದ್ದು ಇನ್ನೊಂದು ಕತೆ. ಸಂಸ್ಕೃತದಲ್ಲಿ ಅದೂ ಹುರಿಯೇ. ಕನ್ನಡದಲ್ಲಿ ಮಾಂಸಖಂಡವಾಯಿತು, ಬಂಗಾಳಿಯಲ್ಲಿ ನರವಾಯಿತು. ಮೈಯೊಳಗೆ ದಾರದಂತೆ ಕಂಡದ್ದಕ್ಕೆಲ್ಲ ಜನ ಒಂದೇ ಹೆಸರಿಟ್ಟರು ಅಂತ ನನಗೆ ತೋರುತ್ತದೆ.

ಪಾಠಪುಸ್ತಕದ ‘ಅಪಧಮನಿ’, ‘ಅಭಿಧಮನಿ’ ನನಗೆ ಹಿಡಿಸುವುದಿಲ್ಲ. ಮೊದಲನೆಯದು ಹೃದಯದಿಂದ ರಕ್ತ ಒಯ್ಯುವುದು, ಎರಡನೆಯದು ಹೃದಯಕ್ಕೆ ತರುವುದು. ಕೆಲಸ ತದ್ವಿರುದ್ಧ, ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ಮಕ್ಕಳು ಸುಮ್ನೆ ಉರು ಹೊಡೆಯುತ್ತಾರೆ. ಅಭಿಧಮನಿಯ ಇನ್ನೊಂದು ಹೆಸರು ‘ಸಿರೆ’ ಚಿಕ್ಕದು, ಆದರೆ ಕಿವಿಗೆ ‘ಸೀರೆ’ ಅಂತ ಬೀಳುತ್ತದೆ. ‘ರಕ್ತನಾಳ’ವನ್ನು ಅಮ್ಮ ಒಪ್ಪಿಕೊಂಡರು. ಈಗ ಅವರು ‘ರಕ್ತದ ನರ’ ಅನ್ನುತ್ತಾರೆ. ನನಗದು ತುಂಬಾ ಇಷ್ಟವಾಯಿತು. ಅದರ ಜೋಡಿಗೆ ‘ಸುದ್ದಿಯ ನರ’ ಅಂದರೆ ಹೇಗಿರುತ್ತದೆ?

ನಿಮ್ಮ ಕಡೆ ಉಬ್ಬಿದ ರಕ್ತನಾಳಕ್ಕೆ ‘ನರ’ ಬಿಟ್ಟು ಬೇರೆ ಮಾತಿದೆಯೇ? ಕರಾವಳಿ, ಹುಬ್ಬಳ್ಳಿ, ಕಲಬುರಗಿ ಕಡೆಯವರು ಮನೆಯ ಹಿರಿಯರನ್ನು ಕೇಳಿ ತಿಳಿಸುತ್ತೀರಾ? ಇನ್ನೊಂದು, ‘ಜೋಮು’. ಕಾಲು ಮಡಚಿ ಕೂತು ನರ ಒತ್ತಿದಾಗ ಆಗುವುದಕ್ಕೆ ಇಷ್ಟು ಒಳ್ಳೆಯ ಪದ ಇರುವಾಗ, ಆರೋಗ್ಯದ ಕರಪತ್ರಗಳಲ್ಲಿ ಅದು ಯಾಕೆ ಕಾಣುವುದಿಲ್ಲ? ನಿಮ್ಮಲ್ಲಿ ಅದಕ್ಕೂ ಬೇರೆ ಹೆಸರಿದ್ದರೆ ಬರೆಯಿರಿ.