‘ಚೈಮ್ಸ್ ಅಟ್ ಮಿಡ್‌ನೈಟ್’ ಗಳಿಕೆಯಲ್ಲಿ ಸೋತದ್ದೇಕೆ?

ಪ್ರಶ್ನೆ:
ಷೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ನಾಟಕದ ಎರಡೂ ಭಾಗಗಳನ್ನು ಆಧರಿಸಿ, ಇನ್ನೂ ಕೆಲವು ನಾಟಕಗಳಿಂದ ಮಾತುಗಳನ್ನು ಆಯ್ದುಕೊಂಡು ಅಮೆರಿಕದ ನಿರ್ದೇಶಕ ಆರ್ಸನ್ ವೆಲ್ಸ್ ಕಟ್ಟಿದ ಈ ಚಿತ್ರವನ್ನು ಇತ್ತೀಚೆಗೆ ನೋಡಿದೆ. ಸ್ವರ್ಗಪ್ರವೇಶಕ್ಕೆ ಒಂದೇ ಚಿತ್ರವನ್ನು ಒಪ್ಪಿಸಬೇಕಾದರೆ ಇದನ್ನೇ ಒಪ್ಪಿಸುತ್ತೇನೆ ಎಂಬರ್ಥದಲ್ಲಿ ವೆಲ್ಸ್ ಹೇಳಿದ್ದು ಅತಿಶಯವೆನಿಸಲಿಲ್ಲ. 1966ರ ಕಾನ್ ಚಿತ್ರೋತ್ಸವದಲ್ಲಿ ಗೌರವ ಪಡೆದ ಚಿತ್ರ ಮರುವರ್ಷ ಅಮೆರಿಕದಲ್ಲಿ ತೆರೆಕಂಡಾಗ ಹಣ ಗಳಿಸಲಿಲ್ಲವೇಕೆ? ಷೇಕ್ಸ್‌ಪಿಯರ್ ಎಂದರೆ ಜನ ಟಿಕೆಟ್ ಕೊಳ್ಳುವುದಿಲ್ಲ ಎಂಬ ಹಳೆಯ ವಾದವನ್ನೇ ಒಪ್ಪಬೇಕೇ?

ಉತ್ತರ 1:
ಆ ವಾದ ನಿಲ್ಲುವುದಿಲ್ಲ. ಅದೇ 1967ರಲ್ಲಿ ತಾರಾದಂಪತಿ ರಿಚರ್ಡ್ ಬರ್ಟನ್ ಮತ್ತು ಎಲಿಜಬೆತ್ ಟೇಲರ್ ನಟಿಸಿದ, ಇಟಲಿಯ ನಿರ್ದೇಶಕ ಜೆಫಿರೆಲ್ಲಿಯ ಷೇಕ್ಸ್‌ಪಿಯರ್ ಚಿತ್ರ ‘ಟೇಮಿಂಗ್ ಆಫ್ ದ ಶ್ರೂ’ ಚೆನ್ನಾಗಿಯೇ ಓಡಿತು. ಮರುವರ್ಷದ ಜೆಫಿರೆಲ್ಲಿಯದೇ ‘ರೋಮಿಯೋ ಅಂಡ್ ಜೂಲಿಯೆಟ್’ ಅದನ್ನೂ ಮೀರಿಸಿತು. ಅವೆರಡೂ ವರ್ಣಚಿತ್ರಗಳು, ಬೆನ್ನಿಗೆ ದೊಡ್ಡ ಸ್ಟುಡಿಯೋಗಳಿದ್ದವು. ವೆಲ್ಸ್ ಅವರದು ಸುಮಾರು 8 ಲಕ್ಷ ಡಾಲರ್ ವೆಚ್ಚದ ಕಪ್ಪು-ಬಿಳುಪು ಚಿತ್ರ. ಅದಕ್ಕೂ ಹಣ ಸುಲಭವಾಗಿ ಒದಗಲಿಲ್ಲ: ಸ್ಪೇನಿನ ನಿರ್ಮಾಪಕ ಎಮಿಲಿಯಾನೋ ಪಿಯೆದ್ರಾ ‘ಟ್ರೆಷರ್ ಐಲ್ಯಾಂಡ್’ ಕೂಡ ತೆಗೆದುಕೊಡಬೇಕೆಂಬ ಕರಾರಿನ ಮೇಲೆ ಬಂಡವಾಳ ಹೂಡಿದರು, ವೆಲ್ಸ್ ಒಪ್ಪಿದಂತೆ ಮಾಡಿ ತಮಗೆ ಬೇಕಾದ ಚಿತ್ರವನ್ನೇ ತೆಗೆದರು. ನಡುವೆ ಹಣ ಮುಗಿದು ಚಿತ್ರೀಕರಣ ನಿಂತಾಗ ಮತ್ತೊಬ್ಬ ನಿರ್ಮಾಪಕ ಹ್ಯಾರಿ ಸಾಲ್ಟ್ಸ್‌ಮನ್ ಹಣ ಕೊಟ್ಟು ವಿತರಣೆಯ ಹಕ್ಕು ಪಡೆದರು. ಆದರೆ ಅಮೆರಿಕದಲ್ಲಿ ಚಿತ್ರ ಅದರ ಮುಖ್ಯ ಪಾತ್ರವಾದ, ರಾಜಕುಮಾರನ ಮುದಿ ಗೆಳೆಯ ‘ಫಾಲ್‌ಸ್ಟಾಫ್’ನ ಹೆಸರಿನಲ್ಲಿ ಕೆಲವೇ ಚಿತ್ರಮಂದಿರಗಳಿಗೆ ಬಂದಿತು. ಮೇಲಾಗಿ ‘ನ್ಯೂಯಾರ್ಕ್ ಟೈಮ್ಸ್’ನ ವಿಮರ್ಶಕ ಬಾಸ್ಲಿ ಕ್ರೌದರ್ ಅದನ್ನು ಕಟುವಾಗಿ ಟೀಕಿಸಿದರು. ಇಂಥ ಚಿಕ್ಕ ಚಿತ್ರ ನ್ಯೂಯಾರ್ಕಿನ ವಿಮರ್ಶೆಯ ಬಲದಿಂದಲೇ ಬೇರೆ ಊರುಗಳಿಗೆ ಹೋಗಬೇಕಿದ್ದ ಕಾಲವದು. ಜನ ತಿರಸ್ಕರಿಸಿದರು ಎನ್ನುವುದಕ್ಕಿಂತ ಚಿತ್ರ ಜನರ ಬಳಿಗೆ ತಲುಪಲೇ ಇಲ್ಲ ಎನ್ನುವುದೇ ಸರಿ.

ಉತ್ತರ 2:
ಹಿಂದಿನವರು ಹೇಳಿದ್ದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ತಪ್ಪೆಲ್ಲವನ್ನೂ ವಿತರಕರ ಮತ್ತು ವಿಮರ್ಶಕರ ತಲೆಗೆ ಕಟ್ಟುವುದು ನ್ಯಾಯವಲ್ಲ. ಧ್ವನಿಯ ದೋಷ ನಿಜವಾಗಿಯೂ ಇತ್ತು. ಮಾತುಗಳನ್ನು ಆಮೇಲೆ ಡಬ್ ಮಾಡಿದ್ದರಿಂದ ಅನೇಕ ಕಡೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ನಾಲ್ಕು ಶತಮಾನದ ಹಿಂದಿನ ಇಂಗ್ಲಿಷು ಅಸ್ಪಷ್ಟವಾಗಿ ಕೇಳಿದರೆ ದುಡ್ಡು ಕೊಟ್ಟು ಬಂದ ಪ್ರೇಕ್ಷಕ ಎಷ್ಟು ಹೊತ್ತು ತಾಳಿಯಾನು? ಚಿತ್ರವನ್ನು ಮನಸಾರೆ ಮೆಚ್ಚಿದ ವಿಮರ್ಶಕಿ ಪಾಲಿನ್ ಕೇಲ್ ಕೂಡ ಈ ದೋಷವನ್ನು ಮುಚ್ಚಿಡಲಿಲ್ಲ. ಮಾತಿನ ತೊಡಕಿಲ್ಲದ ಕಡೆ ಚಿತ್ರ ಎಷ್ಟು ಗೆಲ್ಲುತ್ತದೆ ಎಂಬುದಕ್ಕೆ ಮಾತೇ ಇಲ್ಲದ ಶ್ರೂಸ್‌ಬರಿ ಯುದ್ಧದ ದೃಶ್ಯವನ್ನು ನೋಡಿ. ಕವಚ ತೊಟ್ಟ ಯೋಧರನ್ನು ಹಗ್ಗದಿಂದ ಕುದುರೆಗಳ ಮೇಲೆ ಇಳಿಸುವಾಗ ಫಾಲ್‌ಸ್ಟಾಫ್ ಮಾತ್ರ ಧೊಪ್ಪನೆ ನೆಲಕ್ಕೆ ಬೀಳುತ್ತಾನೆ, ನಾವು ನಗುತ್ತೇವೆ. ಸ್ವಲ್ಪ ಹೊತ್ತಿನಲ್ಲೇ ಕುದುರೆ ಯಾವುದು, ಮನುಷ್ಯ ಯಾವನು ಎಂದು ತಿಳಿಯದಂತೆ ಎಲ್ಲವೂ ಕೆಸರಾಗುತ್ತದೆ. ಮ್ಯಾಡ್ರಿಡ್‌ನ ಒಂದು ಉದ್ಯಾನದಲ್ಲಿ ಇನ್ನೂರರ ಆಸುಪಾಸಿನ ಸಹನಟರನ್ನು ಇಟ್ಟುಕೊಂಡು ತೆಗೆದದ್ದು ಎಂದರೆ ನಂಬುವುದು ಕಷ್ಟ.

ಉತ್ತರ 3:
ಈ ಕಥೆ ರಂಗದ ಮೇಲೂ ಎರಡು ಬಾರಿ ಸೋತಿತ್ತು ಎಂಬುದನ್ನು ಮರೆಯಬಾರದು. 1939ರಲ್ಲಿ ವೆಲ್ಸ್ ‘ಫೈವ್ ಕಿಂಗ್ಸ್’ ಎಂದು ಇದೇ ನಾಟಕಗಳನ್ನು ಜೋಡಿಸಿದರು, ಅದು ನ್ಯೂಯಾರ್ಕ್ ಮುಟ್ಟುವ ಮೊದಲೇ ನಿಂತಿತು. 1960ರಲ್ಲಿ ಬೆಲ್‌ಫಾಸ್ಟ್ ಮತ್ತು ಡಬ್ಲಿನ್‌ಗಳಲ್ಲಿ ಆಡಿದ ಹೊಸ ರೂಪ ಲಂಡನ್ನಿಗೆ ಹೋಗಲಿಲ್ಲ. ನನ್ನ ಅನಿಸಿಕೆಯಲ್ಲಿ, ಫಾಲ್‌ಸ್ಟಾಫ್ ಎಂದರೆ ನಗಿಸುವ ಹೊಟ್ಟೆಬಾಕ ಎಂದುಕೊಂಡು ಬಂದವರಿಗೆ ವೆಲ್ಸ್ ಕೊಟ್ಟದ್ದು, ತಾನು ಮಗನಂತೆ ಕಂಡ ರಾಜಕುಮಾರನಿಂದಲೇ ಪಟ್ಟಾಭಿಷೇಕದ ದಿನ ದೂರ ತಳ್ಳಿಸಿಕೊಳ್ಳುವ ಮುದುಕನನ್ನು. ಇನ್ನು ತಡವಾಗಿಯಾದರೂ ಗಳಿಸಬಹುದಿತ್ತಲ್ಲ ಎಂದರೆ, ಹಕ್ಕುಗಳ ವ್ಯಾಜ್ಯದಿಂದ ಅಮೆರಿಕದಲ್ಲಿ ಒಳ್ಳೆಯ ಪ್ರತಿ ದಶಕಗಳ ಕಾಲ ಸಿಗುತ್ತಲೇ ಇರಲಿಲ್ಲ. ದುರಸ್ತಿಗೊಂಡ ಪ್ರತಿ ಅಲ್ಲಿನ ಚಿತ್ರಮಂದಿರಗಳಿಗೆ ಬಂದದ್ದು 2016ರಲ್ಲಿ, ವೆಲ್ಸ್ ತೀರಿಕೊಂಡು ಮೂವತ್ತು ವರ್ಷ ಕಳೆದ ಮೇಲೆ.