ನೈಟ್ ಡ್ಯೂಟಿಗೆ ಸ್ಪ್ಯಾನಿಷ್: ನರ್ಸ್‌ಗೆ ಎಷ್ಟು ಬಂದರೆ ಸಾಕು, ಎಲ್ಲಿಂದ ಶುರು ಮಾಡಲಿ?

ದಾವಣಗೆರೆ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಈಗ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ನರ್ಸ್. ಆಪರೇಷನ್ ಆದವರ ವಾರ್ಡು, ರಾತ್ರಿ ಪಾಳಿ. ಈ ಊರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಿಸ್ಪಾನಿಕ್. ಚಿಕ್ಕವರು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ಆದರೆ ನನ್ನ ವಾರ್ಡಿಗೆ ಬರುವ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಜನರಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬರುವುದಿಲ್ಲ.

ಆರು ತಿಂಗಳಿಂದ ಫೋನಿನ ಆಪ್‌ನಲ್ಲಿ ಕಲಿಯುತ್ತಿದ್ದೇನೆ. ಸೇಬು ಕೆಂಪಗಿದೆ, ನಮ್ಮಣ್ಣ ನೀರು ಕುಡಿಯುತ್ತಾನೆ, ಇಂಥವೆಲ್ಲ ಬರುತ್ತವೆ. ಹೋದ ವಾರ ರಾತ್ರಿ ಎರಡು ಗಂಟೆಗೆ ಒಬ್ಬ ಅಜ್ಜಿ ಬೆಲ್ ಒತ್ತಿದರು. ಪಿತ್ತಕೋಶದ ಆಪರೇಷನ್ ಆಗಿತ್ತು. ಹೋಗಿ ನೋಡಿದರೆ ‘ಕೊಮೆಸೋನ್, ಕೊಮೆಸೋನ್’ ಅನ್ನುತ್ತಿದ್ದಾರೆ. ‘ಕೊಮೆರ್’ ಅಂದರೆ ತಿನ್ನುವುದು ಅಂತ ಆಪ್‌ನಲ್ಲಿ ಕಲಿತಿದ್ದೆನಲ್ಲ, ಹಸಿವಾಗಿದೆ ಅಂತ ನಾನೇ ತೀರ್ಮಾನ ಮಾಡಿಕೊಂಡು ಬಿಸ್ಕತ್ತು ತಂದುಕೊಟ್ಟೆ. ಅಜ್ಜಿ ಅದನ್ನು ಪಕ್ಕಕ್ಕೆ ಸರಿಸಿ, ಗೌನಿನ ತೋಳು ಮೇಲೆತ್ತಿ ಕೈ ತೋರಿಸಿದರು. ಮೊಣಕೈಯಿಂದ ಭುಜದವರೆಗೆ ಕೆಂಪು ದದ್ದು, ಅದರ ಮೇಲೆ ಉಗುರಿನ ಗೀರು. ಕೊಮೆಸೋನ್ ಅಂದರೆ ತುರಿಕೆ! ಆಗಷ್ಟೇ ಶುರು ಮಾಡಿದ್ದ ಆಂಟಿಬಯೋಟಿಕ್ ಅವರಿಗೆ ಒಗ್ಗಿರಲಿಲ್ಲ. ತಕ್ಷಣ ಡ್ರಿಪ್ ನಿಲ್ಲಿಸಿದೆ, ಡಾಕ್ಟರಿಗೆ ಫೋನ್ ಮಾಡಿದೆ, ವಿಡಿಯೊದಲ್ಲಿ ಇಂಟರ್‌ಪ್ರಿಟರ್ ಕರೆಸಿದೆ. ಉಸಿರಾಟಕ್ಕೆ ತೊಂದರೆ ಆಗಿರಲಿಲ್ಲ, ಬೆಳಗಿನ ಹೊತ್ತಿಗೆ ಆರಾಮಾದರು. ಆದರೆ ಬಿಸ್ಕತ್ತು ತರಲು ಹೋದ ಆ ಐದು ನಿಮಿಷ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಊರಲ್ಲಿ ನಾನು ಟ್ರೇನಿಂಗ್‌ನಲ್ಲಿದ್ದಾಗ ಕೇರಳದ ಸಿಸ್ಟರ್ ಒಬ್ಬರಿದ್ದರು. ‘ಹೊಟ್ಟೆ ತೊಳಸ್ತೈತೇನಜ್ಜಿ?’ ಅಂತ ಅವರು ಬೆಡ್ ಪಕ್ಕ ನಿಂತು ಕೇಳಿದರೆ ಹಳ್ಳಿಯಿಂದ ಬಂದವರು ಎದ್ದು ಕೂತು ಎಲ್ಲ ಹೇಳಿಕೊಳ್ಳುತ್ತಿದ್ದರು. ನನಗೂ ಅಷ್ಟು ಬರಬೇಕು. ಏನು ಮೊದಲು ಕಲಿಯಲಿ? ಎಲ್ಲಿ ನಿಲ್ಲಿಸಿ ಇಂಟರ್‌ಪ್ರಿಟರ್ ಕರೆಯಬೇಕು? ಈ ಕೆಲಸದಲ್ಲಿ ಇರುವವರು ದಯವಿಟ್ಟು ಹೇಳಿ.

ಫ್ರೆಸ್ನೊ ಫಿಸಿಯೊ:

ಸಿಸ್ಟರ್, ನೀವು ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ ಹೋಗುತ್ತಿದ್ದೀರಿ, ಅಲ್ವಾ? ಕನ್ನಡದಿಂದ ಹೋಗಿ ನೋಡಿ, ದಾರಿ ಹತ್ತಿರ. ‘ಮೆ ದುವೆಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯುತ್ತಿದೆ’. ಆ ‘ಮೆ’ ಇದೆಯಲ್ಲ, ಅದು ನಮ್ಮ ‘ನನಗೆ’ಯೇ. ‘ಲೆ’ ಅಂದರೆ ‘ನಿಮಗೆ’. ‘ದೋಂದೆ ಲೆ ದುವೆಲೆ?’ ಅಂದರೆ ನಿಮಗೆ ಎಲ್ಲಿ ನೋವು? ನನ್ನ ಅಮೆರಿಕನ್ ಸಹೋದ್ಯೋಗಿಗಳು ಇದೊಂದರಲ್ಲೇ ವಾರಗಟ್ಟಲೆ ಒದ್ದಾಡುತ್ತಾರೆ, ನಮಗೆ ಅದು ಹುಟ್ಟಿದಾಗಿನಿಂದ ಬಾಯಲ್ಲಿದೆ. ಉಚ್ಚಾರಣೆಯೂ ಹಾಗೇ. ಅವರ ತ, ದ ನಮ್ಮ ತ, ದ ಥರಾನೇ, ಹಲ್ಲಿಗೆ ತಾಗಿಸಿ ಹೇಳಬೇಕು. ಬರೆದ ‘ಹ’ ಬಾಯಿಗೆ ಬರುವುದಿಲ್ಲ, ನಮ್ಮ ಮಂಡ್ಯ ಕಡೆ ಹಾಲು ‘ಆಲು’ ಆದ ಹಾಗೆ. ಞ ಮಾತ್ರ ಎಂದೂ ಬಿಡಬೇಡಿ. ವಯಸ್ಸು ಕೇಳುವಾಗ ‘ಕ್ವಾಂತೊಸ್ ಆಞೊಸ್ ತಿಯೆನೆ?’ ಅನ್ನಬೇಕು. ಞ ಹೋಗಿ ಬರೀ ನ ಆದರೆ ವರ್ಷದ ಬದಲು ಗುದದ್ವಾರ ಎಷ್ಟಿವೆ ಅಂತ ಕೇಳಿದ ಹಾಗೆ ಆಗುತ್ತದೆ, ಹಿರಿಯರ ಮುಂದೆ ಅದು ಆಗಬಾರದು.

ಹಿರಿಯರು ಅಂದೆನಲ್ಲ, ‘ತೂ’ ಬಿಟ್ಟುಬಿಡಿ, ‘ಉಸ್ತೇದ್’ ರೂಪಗಳನ್ನೇ ಕಲಿಯಿರಿ. ನಮ್ಮಲ್ಲಿ ಎಪ್ಪತ್ತರ ಅಜ್ಜನಿಗೆ ನರ್ಸ್ ‘ನೀನು’ ಅಂದರೆ ಹೇಗಿರುತ್ತದೆ ಯೋಚಿಸಿ.

ಇನ್ನೊಂದು ಮುಖ್ಯ ವಿಷಯ. ಪ್ರಶ್ನೆ ಕೇಳುವುದು ಸುಲಭ, ಬರುವ ಉತ್ತರವೇ ಕಷ್ಟ. ‘ಏನಾಯಿತು?’ ಅಂತ ಚೆನ್ನಾಗಿ ಕೇಳಿದಿರಿ ಅಂದುಕೊಳ್ಳಿ, ಇವರಿಗೆ ಭಾಷೆ ಬರುತ್ತದೆ ಅಂತ ಅವರು ಎರಡು ನಿಮಿಷ ಒಂದೇ ಉಸಿರಿಗೆ ಹೇಳುತ್ತಾರೆ, ನಿಮಗೆ ಅದರಲ್ಲಿ ನಾಲ್ಕು ಪದ ಸಿಗುತ್ತದೆ, ಉಳಿದದ್ದನ್ನು ನಿಮ್ಮ ತಲೆ ತಾನೇ ತುಂಬಿಕೊಳ್ಳುತ್ತದೆ. ನಿಮ್ಮ ಅಜ್ಜಿಯ ವಿಷಯದಲ್ಲಿ ಆದದ್ದೂ ಅದೇ. ಅದಕ್ಕೇ ನಾನು ಬೆರಳಿನಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನು ಮಾತ್ರ ಕೇಳುತ್ತೇನೆ. ‘ಸೆಞಾಲೆ ಕೊನ್ ಎಲ್ ದೇದೊ’, ಬೆರಳಿಟ್ಟು ತೋರಿಸಿ. ‘ಮುವೆಸ್ತ್ರೆಮೆ’, ನನಗೆ ತೋರಿಸಿ. ಮುಟ್ಟುವ ಮೊದಲು ‘ಕೊನ್ ಪೆರ್ಮಿಸೊ’. ಉಸಿರು ಜೋರಾಗಿ ಎಳೆದುಕೊಳ್ಳಿ ಅನ್ನಲು ‘ರೆಸ್ಪೀರೆ ಓಂದೊ’.

ಪುಸ್ತಕದ ಪದಕ್ಕಿಂತ ಜನರ ಪದ ಹಿಡಿಯಿರಿ. ‘ಮಲವಿಸರ್ಜನೆ ಆಯಿತೇ?’ ಅಂತ ನಮ್ಮೂರ ಆಸ್ಪತ್ರೆಯಲ್ಲಿ ಯಾರೂ ಕೇಳುವುದಿಲ್ಲ, ‘ಹೊರಕಡೆ ಆಯ್ತಾ?’ ಅನ್ನುತ್ತಾರೆ. ಮೆಕ್ಸಿಕೊದವರು ಅದಕ್ಕೆ ‘ಅಸೆರ್ ದೆಲ್ ಬಾಞೊ’ ಅನ್ನುತ್ತಾರೆ. ಎದೆಯುರಿಗೆ ‘ಅಗ್ರೂರಾಸ್’. ‘ತೆಂಗೊ ಅಸೂಕರ್’ ಅಂದರೆ ನಮ್ಮವರು ‘ಶುಗರ್ ಇದೆ’ ಅಂದ ಹಾಗೆ.

ಆಪ್ ಬಿಡಬೇಡಿ, ಆದರೆ ಅದರಿಂದ ಕಿವಿ ಪಳಗುವುದಿಲ್ಲ. ಲ್ಯಾಂಗ್ವೇಜ್ ಟ್ರಾನ್ಸ್‌ಫರ್ ಅಂತ ಆಡಿಯೊ ಪಾಠಗಳಿವೆ, ದುಡ್ಡಿಲ್ಲ, ಕಾರಿನಲ್ಲಿ ಹಾಕಿಕೊಳ್ಳಿ. ಮೆಡ್‌ಲೈನ್‌ಪ್ಲಸ್‌ನಲ್ಲಿ ರೋಗಿಗಳಿಗಾಗಿ ಬರೆದ ಮಾಹಿತಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇದೆ, ಅದನ್ನು ಗಟ್ಟಿಯಾಗಿ ಓದಿ.

ನಡುವಿನ ದನಿ:

ನಾನು ನ್ಯೂಜೆರ್ಸಿಯಲ್ಲಿ ಮೆಡಿಕಲ್ ಇಂಟರ್‌ಪ್ರಿಟರ್. ನಿಮ್ಮ ಎರಡನೇ ಪ್ರಶ್ನೆಗೆ ಮಾತ್ರ ಹೇಳುತ್ತೇನೆ.

ನಮಸ್ಕಾರ, ನೀರು ಬೇಕಾ, ಚಳಿ ಆಗುತ್ತಿದೆಯಾ, ಪಕ್ಕಕ್ಕೆ ಹೊರಳಿ, ಈಗ ಬಿಪಿ ನೋಡುತ್ತೇನೆ, ಇವೆಲ್ಲ ನೀವೇ ಮಾತಾಡಿ, ಧಾರಾಳವಾಗಿ ಮಾತಾಡಿ. ಹೊಸ ನೋವು, ಅಲರ್ಜಿ, ಔಷಧಿ, ಸಹಿ, ಮನೆಗೆ ಕಳಿಸುವಾಗಿನ ಸೂಚನೆ, ಕೆಟ್ಟ ಸುದ್ದಿ, ಇವುಗಳಲ್ಲಿ ಒಂದು ಬಂದರೂ ನಮ್ಮನ್ನು ಕರೆಯಿರಿ. ರಾತ್ರಿ ಎರಡಾದರೂ ಸರಿ.

1980ರಲ್ಲಿ ಫ್ಲಾರಿಡಾದಲ್ಲಿ ವಿಲ್ಲಿ ರಮೀರೆಸ್ ಅನ್ನುವ 18 ವರ್ಷದ ಹುಡುಗನನ್ನು ಎಚ್ಚರ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರು ಕ್ಯೂಬಾ ಮೂಲದವರು. ‘ಇಂತೊಕ್ಸಿಕಾದೊ’ ಅಂದರು. ತಿಂದದ್ದು ಏನೋ ಆಗಿಬಂದಿಲ್ಲ ಅನ್ನುವುದು ಅವರ ಅರ್ಥ. ಆಸ್ಪತ್ರೆಯವರಿಗೆ ಅದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಅಂತ ಕೇಳಿಸಿತು, ಡ್ರಗ್ಸ್ ಜಾಸ್ತಿ ತೆಗೆದುಕೊಂಡಿದ್ದಾನೆ ಅಂತ ಚಿಕಿತ್ಸೆ ಶುರು ಮಾಡಿದರು. ನಿಜವಾಗಿ ಆಗಿದ್ದದ್ದು ಮಿದುಳಿನಲ್ಲಿ ರಕ್ತಸ್ರಾವ. ಅದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು, ಹುಡುಗನ ಕೈಕಾಲು ಎರಡೂ ಬಿದ್ದುಹೋದವು. ಪರಿಹಾರದ ಮೊತ್ತ ಸುಮಾರು 7.1 ಕೋಟಿ ಡಾಲರ್. ಅಲ್ಲಿ ಇಂಟರ್‌ಪ್ರಿಟರ್ ಬೇಕು ಅಂತ ಯಾರಿಗೂ ಅನಿಸಿರಲೇ ಇಲ್ಲ. ಪದ ಗೊತ್ತಿರುವ ಹಾಗೆ ಕೇಳಿಸಿದ್ದೇ ಅಪಾಯ ಆಯಿತು, ನಿಮ್ಮ ಕೊಮೆಸೋನ್ ಥರಾನೇ. ‘ಎಂಬರಸಾದಾ’ ಅಂದರೆ ಮುಜುಗರ ಅಲ್ಲ, ಬಸುರಿ. ಪರಿಚಿತ ಅನಿಸಿದ ಪದವನ್ನೇ ಎರಡು ಸಲ ಕೇಳಿ.

ಮೊಮ್ಮಗ ಪಕ್ಕದಲ್ಲೇ ಇದ್ದಾನಲ್ಲ, ಅವನೇ ಹೇಳಲಿ ಅಂತ ಅನಿಸುತ್ತದೆ. ಬೇಡ. 2010ರ ಅಫೋರ್ಡಬಲ್ ಕೇರ್ ಆಕ್ಟ್‌ನ 1557ನೇ ಸೆಕ್ಷನ್ ನಿಯಮಗಳ ಪ್ರಕಾರ ತುರ್ತು ಹೊತ್ತು ಬಿಟ್ಟರೆ ಮಕ್ಕಳನ್ನು ಇದಕ್ಕೆ ಬಳಸುವಂತಿಲ್ಲ. ಕಾನೂನು ಹಾಗಿರಲಿ, ಅಜ್ಜಿಗೆ ಕ್ಯಾನ್ಸರ್ ಅನ್ನುವುದನ್ನು ಹತ್ತು ವರ್ಷದ ಹುಡುಗನ ಬಾಯಿಂದ ಹೇಳಿಸಬಾರದು.

ನಾವು ಬಂದಾಗ ಪರದೆ ಕಡೆ ನೋಡಬೇಡಿ, ರೋಗಿಯ ಮುಖ ನೋಡಿ. ‘ಅವರಿಗೆ ಹೇಳಿ’ ಅನ್ನಬೇಡಿ, ನೇರವಾಗಿ ‘ನಿಮಗೆ ಹೇಗನಿಸುತ್ತಿದೆ?’ ಅನ್ನಿ.

ಔಷಧಿ ಕೌಂಟರ್:

ಫಾರ್ಮಸಿಯಲ್ಲಿ ಇದ್ದೇನೆ, ಎರಡು ಮಾತು ಸೇರಿಸುತ್ತೇನೆ. ದಿನಕ್ಕೆ ಒಂದು ಸಲ ಅಂತ ಇಂಗ್ಲಿಷಿನಲ್ಲಿ ‘ವನ್ಸ್’ ಅಂತ ಲೇಬಲ್ ಮೇಲೆ ಬರೆದರೆ, ಅದೇ ಅಕ್ಷರಗಳನ್ನು ಸ್ಪ್ಯಾನಿಷಿನಲ್ಲಿ ‘ಓನ್ಸೆ’ ಅಂತ ಓದುತ್ತಾರೆ. ಓನ್ಸೆ ಅಂದರೆ ಹನ್ನೊಂದು! ಮಕ್ಕಳ ಸಿರಪ್ಪಿನಲ್ಲಿ ಇನ್ನೊಂದು ಇದೆ. ‘ಕುಚರಾದಾ’ ಅಂದರೆ ದೊಡ್ಡ ಚಮಚ, 15 ಎಂಎಲ್. ‘ಕುಚರಾದೀತಾ’ ಅಂದರೆ ಚಿಕ್ಕ ಚಮಚ, 5 ಎಂಎಲ್. ಕಿವಿಗೆ ಒಂದೇ ಥರ, ಡೋಸ್ ಮೂರು ಪಟ್ಟು. ನಾನು ಚಮಚದ ಮಾತೇ ಎತ್ತುವುದಿಲ್ಲ, ಸಿರಿಂಜಿನ ಮೇಲೆ ಗೆರೆ ಎಳೆದು ಕೊಟ್ಟು, ತಾಯಿ ಕೈಯಲ್ಲೇ ಅಷ್ಟು ನೀರು ಎಳೆಸಿ ನೋಡುತ್ತೇನೆ. ‘ಸೀ, ಸೀ’ ಅಂತ ತಲೆ ಆಡಿಸಿದರೆ ಅರ್ಥವಾಯಿತು ಅಂತ ಅಲ್ಲ. ನಮ್ಮವರೂ ಡಾಕ್ಟರ ಮುಂದೆ ಹಾಗೇ ‘ಹ್ಞೂಂ’ ಅನ್ನುತ್ತಾರೆ.

ಕುಡ್ಲದ ಮಗಳು:

ಯಾರೂ ಹೇಳದ ಒಂದು ವಿಷಯ. ಗ್ವಾಟೆಮಾಲಾದಿಂದ ಬಂದವರು ಅಂದ ತಕ್ಷಣ ಸ್ಪ್ಯಾನಿಷ್ ಅಂತ ಬರೆದುಬಿಡುತ್ತಾರೆ. ಅಲ್ಲಿ ಮಾಮ್, ಕಿಚೆ ಅಂತ ಮಾಯಾ ಭಾಷೆಗಳಿವೆ, ಹಳ್ಳಿಯ ಹೆಂಗಸರಲ್ಲಿ ಕೆಲವರಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ. ನಮ್ಮಜ್ಜಿಗೆ ತುಳು ಬಿಟ್ಟು ಬೇರೆ ಬರುತ್ತಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಲ್ಲರೂ ಕನ್ನಡದಲ್ಲಿ ಕೇಳುತ್ತಿದ್ದರು, ಅಜ್ಜಿ ಎಲ್ಲದಕ್ಕೂ ನಗುತ್ತಿದ್ದರು, ‘ಪೇಷಂಟ್ ಆರಾಮಾಗಿದ್ದಾರೆ’ ಅಂತ ಅವರು ಬರೆದುಕೊಂಡರು. ರಾತ್ರಿ ನಾನು ಹೋಗಿ ತುಳುವಿನಲ್ಲಿ ಕೇಳಿದಾಗಲೇ ಕಾಲು ಮರಗಟ್ಟಿದೆ ಅಂತ ಹೇಳಿದ್ದು. ಅದಕ್ಕೇ ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅಂತ ಮೊದಲು ಕೇಳಿ. ‘ಕೆ ಇದಿಯೋಮಾ ಆಬ್ಲಾ ಎನ್ ಕಾಸಾ?’

ದಾವಣಗೆರೆ ಸಿಸ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡ್ಯೂಟಿಗೆ ಹೊರಡುವ ಮುಂಚೆ ಎರಡು ಸಲ ಓದಿದೆ. ಬ್ಯಾಡ್ಜಿನ ಹಿಂದೆ ಒಂದು ಚೀಟಿ ಅಂಟಿಸಿಕೊಂಡಿದ್ದೇನೆ, ಕನ್ನಡ ಲಿಪಿಯಲ್ಲೇ: ಸೆಞಾಲೆ ಕೊನ್ ಎಲ್ ದೇದೊ, ಮುವೆಸ್ತ್ರೆಮೆ, ಕೆ ಇದಿಯೋಮಾ. ಕೆಳಗೆ ಇಂಟರ್‌ಪ್ರಿಟರ್ ಲೈನಿನ ನಂಬರು. ನಮ್ಮ ವಾರ್ಡಿನಲ್ಲಿ ನೆಲ ಒರೆಸುವ ಅಮ್ಮ ಮೆಕ್ಸಿಕೊದವರು, ಬ್ರೇಕಿನಲ್ಲಿ ದಿನಾ ಹತ್ತು ನಿಮಿಷ ನನ್ನ ಜೊತೆ ಮಾತಾಡುತ್ತೀರಾ ಅಂತ ಕೇಳಿದೆ, ಒಪ್ಪಿಕೊಂಡರು. ಕುಡ್ಲದವರೇ, 12ನೇ ಬೆಡ್‌ನಲ್ಲಿ ಗ್ವಾಟೆಮಾಲಾದ ಹೆಂಗಸೊಬ್ಬರಿದ್ದಾರೆ, ಎರಡು ದಿನದಿಂದ ಏನು ಕೇಳಿದರೂ ಬರೀ ‘ಸೀ’ ಅನ್ನುತ್ತಿದ್ದಾರೆ. ಇವತ್ತು ಮೊದಲು ಅವರ ಹತ್ತಿರವೇ ಹೋಗುತ್ತೇನೆ.